ಫರಸಿಯ ಮೇಲೆ ಫರಸಿ

ಕಳೆದ ತಿಂಗಳು ಕೊಪ್ಪಳದ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದೆವು. ಹಳೆಯವು ಸವೆದು ನುಣುಪಾಗಿದ್ದವು, ನಾನು ಎರಡು ಸಲ ಜಾರಿ ಬಿದ್ದಿದ್ದೆ. ಕೆಲಸಕ್ಕೆ ಬಂದವನು ಒಳಗೆ ಇಣುಕಿ ನೋಡಿ, "ಒಡ್ಯಾದೇನ್ ಬ್ಯಾಡ್ರಿ ಅಮ್ಮಾರ. ಹಳೇವು ಗಟ್ಟಿ ಅದಾವು. ಅವುಗಳ ಮ್ಯಾಲ ಹಚ್ಚಿಬಿಡ್ತೀನಿ" ಎಂದ. ಆಯಿತು ಎಂದು ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ನೀರು ಬಿದ್ದ ಸಿಮೆಂಟಿನ ವಾಸನೆ ಪಡಸಾಲೆ ದಾಟಿ ಅಡುಗೆಮನೆಗೆ ಬಂತು. ತಣ್ಣನೆಯ, ಗಂಟಲಿಗೆ ಇಳಿಯುವಾಗ ಸ್ವಲ್ಪ ಒಗರು ಎನಿಸುವ ವಾಸನೆ. ಹೆಚ್ಚುತ್ತಿದ್ದ ಬದನೆಕಾಯಿಯನ್ನು ಬಿಟ್ಟು ಸುಮ್ಮನೆ ಕುಳಿತೆ. ಸೊಸೆ, "ಯಾಕ್ರಿ ಅತ್ತಿ, ತಲಿ ಸುತ್ತಿತೇನು?" ಎಂದಳು. ಇಲ್ಲ ಎಂದೆ. ಆ ವಾಸನೆಯನ್ನು ಸೀರೆಯ ತುಂಬ ಹೊತ್ತುಕೊಂಡು ತಿರುಗುತ್ತಿದ್ದ ಒಬ್ಬಳು ಹೆಂಗಸು ನೆನಪಾಗಿದ್ದಳು... ನಲವತ್ತು ವರ್ಷಗಳಿಗೂ ಹಿಂದೆ, ಗಂಗಾವತಿಯ ನಮ್ಮ ಮನೆಗೆ ನೆಲ ಹಾಸಿದವಳು.

ಆಕೆಯ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಆಕೆಯ ವಿಷಯದಲ್ಲಿ ನಾನು ಒಮ್ಮೆ ಬಾಯಿಬಿಟ್ಟದ್ದೇ ಸಾಕು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಉಳಿದವರಿಗೆಲ್ಲ ಆಕೆ ಗಾರೆ ಕೆಲಸದ ಗೌಂಡಿಯ ಹೆಂಡತಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಮೂಲತಃ ಹನುಮಸಾಗರದ ಕಡೆಯ ಒಕ್ಕಲುತನದ ಮನೆತನ. ಅಪ್ಪನಿಗೆ ಕಾಲುವೆ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಿ ಗಂಗಾವತಿಗೆ ಬಂದಿದ್ದೆವು. ಎತ್ತ ನೋಡಿದರೂ ಭತ್ತ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳ ತೆಲುಗು ಮಾತು, ಅಕ್ಕಿ ಗಿರಣಿಗಳ ಹೊಟ್ಟು ಹಾರಿ ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುವ ಊರು. ಗಿರಣಿಯವರ ಮನೆಗಳಲ್ಲಿ ಆಗ ಮೊಸಾಯಿಕ್ ಟೈಲ್ಸು ಬರತೊಡಗಿದ್ದವು. ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲಿಗೂ ಟೈಲ್ಸಿಗೂ ಒಂದೇ ಹೆಸರು, ಫರಸಿ. ಅಪ್ಪನಿಗೆ ತನ್ನ ಮನೆಯಲ್ಲೂ ಅಂಥದೇ ಫರಸಿ ಬೇಕೆನ್ನಿಸಿತು. ನನಗೆ ಗಂಡು ಹುಡುಕಲು ಶುರು ಮಾಡಿದ್ದರು. ಬಂದವರು ಕೂರುವ ಪಡಸಾಲೆ ಮಣ್ಣಿನದಾಗಿರುವುದು ಅಪ್ಪನಿಗೆ ನಾಚಿಕೆ. ಹೊಸಪೇಟೆಯಿಂದ ಲಾರಿಯಲ್ಲಿ ಟೈಲ್ಸು ಬಂದವು. ಬೂದು ಬಣ್ಣದ ಮೇಲೆ ಕಪ್ಪು, ಬಿಳಿ, ಇಟ್ಟಿಗೆ ಕೆಂಪಿನ ಕಲ್ಲಿನ ಚೂರುಗಳು.

ಯಾರೋ ಇರಕಲ್ಲಗಡದ ಗೌಂಡಿಯ ಹೆಸರು ಹೇಳಿದರು. ಆತ ಫರಸಿ ಹಾಕಿದರೆ ಎರಡು ಟೈಲ್ಸಿನ ನಡುವೆ ಉಗುರು ಸಹ ತೂರುವುದಿಲ್ಲ ಎಂದು ಊರೆಲ್ಲ ಮಾತಿತ್ತು. ಗಂಡ ಹೆಂಡತಿ ಇಬ್ಬರೂ ಬಂದರು. ಆತ ಎತ್ತರದ, ಮೆತ್ತಗೆ ಮಾತನಾಡುವ ಮನುಷ್ಯ. ಆಕೆಗೆ ಮೂವತ್ತರ ಆಸುಪಾಸು. ಕುಳ್ಳಗೆ, ಗಟ್ಟಿಮುಟ್ಟಾಗಿ, ಹಣೆಯ ತುಂಬ ಕುಂಕುಮವಿಟ್ಟವಳು. ಮಕ್ಕಳಿಬ್ಬರನ್ನೂ ತವರಿನಲ್ಲಿ ಬಿಟ್ಟು ಬಂದಿದ್ದರು. ಹಿತ್ತಲಿನ ಸೌದೆ ಕೋಣೆಯಲ್ಲಿ ಅವರು ಇಳಿದುಕೊಂಡರು.

ಗೌಂಡಿ ಮೊದಲ ದಿನವೇ ಅಪ್ಪನಿಗೆ ಹೇಳಿದ: "ಸಾಹೇಬ್ರ, ಗಾಳಿ ಬಡದ್ರ ಮಾಲು ಜಲ್ದಿ ಒಣಗತೈತ್ರಿ. ಬಾಗಲಾ ಹಾಕ್ಕೊಂಡು ಕೆಲಸ ಮಾಡ್ತೀವಿ. ನಡುವ ಯಾರೂ ಬರಬಾರದು ನೋಡ್ರಿ." ಕಲಸಿದ ಸಿಮೆಂಟು ಉಸುಕಿಗೆ ಅವರು ಮಾಲು ಎನ್ನುತ್ತಿದ್ದರು. ಅಪ್ಪನಿಗೆ ಆ ಕಟ್ಟುನಿಟ್ಟು ಬಹಳ ಹಿಡಿಸಿತು. ಕಚೇರಿಯಲ್ಲಿ ಹೇಳಿಕೊಂಡು ತಿರುಗಿದ.

ನಾಲ್ಕನೆಯ ದಿನವೋ ಐದನೆಯ ದಿನವೋ... ಹಿತ್ತಲಲ್ಲಿ ಒಣಮೆಣಸಿನಕಾಯಿ ತಿರುವಿಹಾಕಿ ಬರುವಾಗ ಪಡಸಾಲೆಯ ಕಿಟಕಿಯ ಒಂದು ಕದ ಅರ್ಧ ತೆರೆದಿತ್ತು. ಇಣುಕಿದೆ. ಗೌಂಡಿ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ನೆಲದ ಮೇಲೆ ಮಂಡಿಯೂರಿದ್ದವಳು ಆಕೆ. ಸೀರೆಯನ್ನು ಕಚ್ಚೆ ಹಾಕಿ, ಬಲಗೈಯಲ್ಲಿ ಥಾಪಿ, ಅಂದರೆ ಗಾರೆ ಕರಣೆ, ಹಿಡಿದು ಮಾಲನ್ನು ಹರವುತ್ತಿದ್ದಳು. ನೀರಲ್ಲಿ ನೆನೆದ ಟೈಲ್ಸನ್ನು ತೆಗೆದು ಇಟ್ಟಳು. ಥಾಪಿಯ ಹಿಡಿಯಿಂದ ನಾಲ್ಕು ಮೂಲೆಗೆ ನಾಲ್ಕು ಏಟು. ಕಿವಿಯನ್ನು ನೆಲದ ಹತ್ತಿರ ತಂದು ಕೇಳಿದಳು. ಇನ್ನೊಂದು ಏಟು. ಆಮೇಲೆ ನೂಲು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಆ ಮುಚ್ಚದ ಕಣ್ಣಿಗೆ ನಾನು ಬಿದ್ದೆ.

ಸಂಜೆ ಬಾವಿಕಟ್ಟೆಯ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನೋಡಿಬಿಟ್ಟಿ ಹೌದಿಲ್ಲ ತಂಗಿ?"

ಹೂಂ ಎಂದೆ.

"ಯಾರ ಮುಂದನೂ ಹೇಳಬ್ಯಾಡ. ಗಿರಣಿ ಕಟ್ಟುವಾಗ ಮ್ಯಾಲಿಂದ ಬಿದ್ದು ಅವರ ಬಲಗೈ ಮುರೀತು. ಕೂಡೇತಿ, ಆದ್ರ ಸೊಟ್ಟ ಕೂಡೇತಿ. ಹತ್ತು ವರ್ಷ ಅವರ ಬಾಜೂಕ ಕುಂತು ಮಾಲು ಕೊಟ್ಟೀನಿ, ನೋಡಿ ನೋಡಿ ಬಂದುಬಿಟ್ಟೈತಿ ನನಗ. ಖರೇ, ಹೆಣ್ಮಗಳು ಫರಸಿ ಹಾಕ್ತಾಳಂದ್ರ ಯಾವ ಮನಿಯಾವ ಕರದಾನು?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಗುಟ್ಟು ನನಗೆ ಹೊಸ ಬಳೆಯಷ್ಟು ಇಷ್ಟವಾಗಿತ್ತು. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಕೆ ನೂಲಿನ ತುದಿ ಹಿಡಿಯಲು ಕೊಡುತ್ತಿದ್ದಳು. ಒಳಗೆ ಟೊಳ್ಳು ಉಳಿದ ಟೈಲ್ಸಿನ ಸದ್ದು ಯಾವುದು, ಗಟ್ಟಿ ಕೂತದ್ದರ ಸದ್ದು ಯಾವುದು ಎಂದು ಕಲಿಸಿದಳು. ಕಣ್ಣು ಮುಚ್ಚಿಸಿ ಕೇಳುತ್ತಿದ್ದಳು. ನಾನು ತಪ್ಪು ಹೇಳಿದರೆ ಗಂಡ ಹೆಂಡತಿ ಇಬ್ಬರೂ ನಗುತ್ತಿದ್ದರು. ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ಹೊಸ ಮಹಡಿ ಮನೆಯ ಪೂರ್ತಿ ನೆಲವನ್ನು ಅವರಿಗೇ ಕೊಡುವುದಾಗಿ ಹೇಳಿದ್ದರಂತೆ. ಅದೊಂದು ಮುಗಿದರೆ ಮಕ್ಕಳನ್ನು ಕರೆಸಿಕೊಂಡು ಊರಲ್ಲೇ ಬಾಡಿಗೆ ಮನೆ ಹಿಡಿಯಬೇಕು, ಹುಡುಗಿಯನ್ನು ಸಾಲೆಗೆ ಹಾಕಬೇಕು ಎನ್ನುತ್ತಿದ್ದಳು. ನನ್ನನ್ನು ಅಷ್ಟು ಸಲೀಸಾಗಿ ಯಾರೂ ಜೊತೆಗೆ ಕೂರಿಸಿಕೊಂಡಿರಲಿಲ್ಲ.

ಪಡಸಾಲೆ, ನಡುಮನೆ, ದೇವರ ಕೋಣೆ. ಮೂರಕ್ಕೂ ಸೇರಿ ತಿಂಗಳ ಮೇಲಾಯಿತು. ಆಕೆ ಒಂದು ದಿನವೂ ತಪ್ಪಿಸಲಿಲ್ಲ.

ಕೆಲಸ ಮುಗಿಯಲು ನಾಲ್ಕೈದು ದಿನ ಇದ್ದಾಗ ಅಪ್ಪ ನನಗೆ ಎತ್ತರ ಹಿಮ್ಮಡದ ಚಪ್ಪಲಿ ತಂದುಕೊಟ್ಟ. ಯಲಬುರ್ಗಾದ ಕಡೆಯವರು ನೋಡಲು ಬರುವವರಿದ್ದರು. ಓಣಿಯ ಗೆಳತಿಯೊಬ್ಬಳನ್ನು ಕರೆದು ತಂದು, ನೋಡು ಹೇಗೆ ನಡೆಯುತ್ತೇನೆ ಎಂದು ಆ ಚಪ್ಪಲಿ ಹಾಕಿಕೊಂಡು ನಡುಮನೆಯಲ್ಲಿ ಸರಸರ ನಡೆದೆ. ಆ ಮೂಲೆಯ ಸಾಲನ್ನು ಅಕ್ಕ ಅದೇ ಬೆಳಿಗ್ಗೆ ಹಾಕಿದ್ದಳು. ಹಿಮ್ಮಡದ ಕೆಳಗೆ ಒಂದು ಟೈಲ್ಸು ಕುಸಿಯಿತು, ಅದರ ಪಕ್ಕದ್ದು ಎದ್ದಿತು. ಹಿತ್ತಲಿಂದ ಓಡಿ ಬಂದವಳು ಬಗ್ಗಿ ನನ್ನ ಕಾಲು ಹಿಡಿದು, ಚಪ್ಪಲಿ ಕಿತ್ತು ಅಂಗಳಕ್ಕೆ ಎಸೆದಳು.

"ಕಣ್ಣ ಇಲ್ಲೇನ ನಿನಗ? ಮಣಕಾಲು ಸವಸಿ ಹಾಕೇವಿ ಇದನ್ನ. ನಿನಗ ನಡಿಗಿ ತೋರಸೂದು ಹೆಚ್ಚಾತೇನು? ಕುದರಿ ಕುಣದಂಗ ಕುಣೀತಿಯಲ್ಲ!"

ಗೆಳತಿ ಕಿಸಕ್ಕನೆ ನಕ್ಕಳು. ಅಷ್ಟೇ. ಆಕೆ ಆಗಲೇ ನೆಲದ ಮೇಲೆ ಕೂತು ಆ ಎರಡೂ ಟೈಲ್ಸನ್ನು ಎತ್ತಿ ಮಾಲು ಕೆರೆಯುತ್ತಿದ್ದಳು. ಸಂಜೆ ಬಾವಿಕಟ್ಟೆಯಲ್ಲಿ, "ಸಿಟ್ಟಾದಿ ಏನ ತಂಗಿ? ಕೆಲಸ ಕೆಟ್ಟಿತಂದ್ರ ನನಗ ಮೈಮ್ಯಾಲ ಎಚ್ಚರ ಇರಂಗಿಲ್ಲ ನೋಡು" ಎಂದು ನಗುತ್ತ ಕೈ ಚಾಚಿದಳು. ನಾನು ಕೊಡ ಎತ್ತಿಕೊಂಡು ಮಾತಾಡದೆ ಬಂದೆ. ಗೆಳತಿ ಓಣಿಯಲ್ಲಿ ನನ್ನನ್ನು ಕುದರಿ ಎಂದು ಕರೆಯತೊಡಗಿದ್ದಳು.

ಹಾಸಿದ್ದು ಮುಗಿದ ಮೇಲೆ ಆಕೆ ಇಡೀ ನೆಲವನ್ನು ಪಾಲೀಶು ಕಲ್ಲಿನಿಂದ ನೀರು ಹಾಕಿ ಹಾಕಿ ಉಜ್ಜಿದಳು. ಬೂದು ನೀರು ಅಂಗಳದ ತುಂಬ ಹರಿಯುತ್ತಿತ್ತು. ಕೊನೆಗೆ ನೆಲದಲ್ಲಿ ಕಿಟಕಿಯ ಸರಳುಗಳು ಕಾಣತೊಡಗಿದವು. ಅಜ್ಜಿ ದೇವರುಗಳನ್ನು ತಂದು ಕೂರಿಸಿದಳು. ಅವರಿಬ್ಬರೂ ಗಿರಣಿಯವರ ಮನೆಯ ಕೆಲಸಕ್ಕೆಂದು ಹೋದರು.

ಹದಿನೈದು ದಿನದಲ್ಲಿ ಯಲಬುರ್ಗಾದವರು ಬಂದರು. ಗಂಡಸರು ಪಡಸಾಲೆಯಲ್ಲಿ ಕುಳಿತರು, ಹೆಂಗಸರು ಒಳಗೆ ಬಂದರು. ಹುಡುಗನ ಸೋದರತ್ತೆ ದೇವರಿಗೆ ಕೈ ಮುಗಿದು ನೆಲವನ್ನು ಅಂಗೈಯಿಂದ ಸವರಿ ನೋಡಿದಳು.

"ಭಾಳ ಛಲೋ ಆಗೇತಿ ಬಿಡ್ರಿ. ಯಾರು ಹಾಕಿದ್ದು ಫರಸಿ? ನಮ್ಮ ಮನೀಗೂ ಆ ಗೌಂಡೀನ್ನ ಕರಸಬೇಕು."

ಅಜ್ಜಿ, "ಇರಕಲ್ಲಗಡದ ಗೌಂಡಿ" ಎಂದಳು.

ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದ ನಾನು ಹೇಳಿದೆ: "ಗೌಂಡಿ ಅಲ್ಲ. ಅವನ ಹೆಂಡ್ತಿ ಹಾಕ್ಯಾಳ. ಅವನ ಕೈ ಸೊಟ್ಟ ಐತಿ, ಆತ ಬರೇ ಬೀಡಿ ಸೇದಕೋತ ಕುಂದರತಿದ್ದ."

ಅವ್ವ ಒಲೆಯ ಮುಂದಿಂದ ತಿರುಗಿ ನನ್ನನ್ನೇ ನೋಡಿದಳು. ಸೋದರತ್ತೆ ನೆಲದಿಂದ ಅಂಗೈ ಎತ್ತಿ ಸೆರಗಿಗೆ ಒರೆಸಿಕೊಂಡಳು.

ಅಜ್ಜಿ ನಿಧಾನವಾಗಿ ಕೇಳಿದಳು: "ದೇವರ ಕ್ವಾಣ್ಯಾಗನೂ ಆಕಿನ ಹಾಕಿದ್ಲೇನು?"

"ಹೂಂ."

"ನಡಕ ಎಷ್ಟು ದಿನಾ ಕೆಲಸಕ್ಕ ಬರಲಿಲ್ಲ?"

ತಿಂಗಳಲ್ಲಿ ಮೂರು ದಿನ ಹೆಂಗಸರು ಹೊರಗೆ ಕೂರುವುದು ನಮ್ಮ ಮನೆಯ ಕಟ್ಟಳೆ. ನಾನೂ ಕೂರುತ್ತಿದ್ದೆ. ಅಜ್ಜಿ ಯಾಕೆ ಕೇಳುತ್ತಿದ್ದಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಯಾವಾಗಲೋ ಊರಿಗೆ ಹೋಗಿ ಬಂದಳಲ್ಲ ಎನ್ನಬಹುದಿತ್ತು...

"ಒಂದ ದಿನಾನೂ ತಪ್ಪಿಸಿಲ್ಲ" ಎಂದೆ.

ಹೊರಡುವಾಗ ಸೋದರತ್ತೆ ಅಪ್ಪನಿಗೆ ಕೇಳುವಂತೆಯೇ ಹೇಳಿದಳು, ಹುಡುಗಿ ಒಪ್ಪಿಗೆಯಾಗಿದ್ದಾಳೆ, ಆದರೆ ಮೈಲಿಗೆಯ ನೆಲದ ಮೇಲೆ ದೇವರನ್ನು ಕೂರಿಸಿದ ಮನೆಯ ಹೆಣ್ಣನ್ನು ತಂದುಕೊಳ್ಳುವುದು ಹೇಗೆ ಎಂದು. ಅಪ್ಪನ ಮುಖ ಕಪ್ಪಿಟ್ಟಿತು. ಸರಿ ಮಾಡಿಸುತ್ತೇನೆ, ಸರಿ ಮಾಡಿಸಿಯೇ ಹೇಳಿ ಕಳಿಸುತ್ತೇನೆ ಎಂದು ಬಾಗಿಲವರೆಗೂ ಅವರ ಹಿಂದೆ ಹೋದ.

ಮರುದಿನವೇ ಅವರಿಬ್ಬರನ್ನೂ ಕರೆಸಿದ. ಬಂದವರು ಏನೋ ಸಣ್ಣ ರಿಪೇರಿ ಇರಬೇಕು ಎಂದುಕೊಂಡು ಬಂದಿದ್ದರು. ಆಕೆ ನನ್ನನ್ನು ಕಂಡು, ಮದುವೆ ಗಟ್ಟಿಯಾಯಿತೇ ಎಂದು ಕಣ್ಣಲ್ಲೇ ಕೇಳಿದಳು. ಅಪ್ಪ ಅಂಗಳದ ಬಾಗಿಲು ಹಾಕಿಸಿದ. ಅಂಗಳದ ನಡುವೆ ಸ್ವಲ್ಪ ಮಾಲು, ಉಳಿದಿದ್ದ ಒಂದು ಟೈಲ್ಸು, ಒಂದು ಥಾಪಿ ಇಡಿಸಿದ್ದ.

"ಫರಸಿ ಹಾಕಿದಾಂವ ಯಾರು?"

"ನಾನ ರೀ ಸಾಹೇಬ್ರ" ಎಂದ ಗೌಂಡಿ.

"ಹೌದಾ? ಹಂಗಾರ ನಮ್ಮ ಮುಂದ ಒಂದು ಹಾಕಿ ತೋರಸು. ಒಂದ ಸಾಕು."

ಆತ ಹೆಂಡತಿಯ ಕಡೆ ನೋಡಿದ. ಆಮೇಲೆ ಕುಳಿತ. ಥಾಪಿಯನ್ನು ಬಲಗೈಗೆ ತೆಗೆದುಕೊಂಡ, ಅದು ನಿಲ್ಲಲಿಲ್ಲ, ಎಡಗೈಗೆ ತೆಗೆದುಕೊಂಡ. ಮಾಲು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಿತ್ತು. ಟೈಲ್ಸು ಇಟ್ಟು ಒತ್ತಿದರೆ ಒಂದು ಮೂಲೆ ಇಳಿಯಿತು, ಇನ್ನೊಂದು ಮೂಲೆ ಮೇಲಕ್ಕೆ ಬಂತು. ಮತ್ತೆ ಎತ್ತಿದ. ಮತ್ತೆ ಇಟ್ಟ. ಹಣೆಯ ಬೆವರು ಮಾಲಿನಲ್ಲಿ ಬೀಳುತ್ತಿತ್ತು. ಅಪ್ಪ ನಗತೊಡಗಿದ. "ಇನ್ನೊಮ್ಮಿ ಹಾಕಪಾ. ಊರಾಗೆಲ್ಲ ಹೆಸರು ಮಾಡೀದಿ, ಇನ್ನೊಮ್ಮಿ ಹಾಕು." ಅಪ್ಪ ನಕ್ಕದ್ದಕ್ಕೆ ಅಜ್ಜಿಯೂ ನಕ್ಕಳು. ಹೀಗೆ ಐದಾರು ಸಲ ಆಗಿರಬೇಕು. ಎಷ್ಟು ಹೊತ್ತು ಅಂತ ನೆನಪಿಲ್ಲ... ಆಕೆಗೆ ತಡೆಯಲಾಗಲಿಲ್ಲ. ಬಂದು ಗಂಡನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆತನ ಕೈಯಿಂದ ಥಾಪಿ ತೆಗೆದುಕೊಂಡು, ಒಂದು ಸಲ ಮಾಲು ಎಳೆದು, ಟೈಲ್ಸು ಇಟ್ಟು, ಎರಡು ಏಟು ಹಾಕಿದಳು. ನೀರು ನಿಂತಂತೆ ಮಟ್ಟಸವಾಗಿ ಕೂತಿತು.

"ಆತಿಲ್ಲ?" ಎಂದ ಅಪ್ಪ, ಅಜ್ಜಿಯ ಕಡೆ ತಿರುಗಿ. "ಒಪ್ಪಿಕೊಂಡ್ಲು."

ಆಕೆ ಅಪ್ಪನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಆಮೇಲೆ ಆ ಮನೆಯಲ್ಲಿ ಇರುವಷ್ಟು ದಿನವೂ ಮತ್ತೆ ನೋಡಲಿಲ್ಲ.

ನೆಲವನ್ನು ಕೀಳುವಂತಿರಲಿಲ್ಲ. ಮದುವೆ ನಡೆಯಬೇಕಾದ ಮನೆಯಲ್ಲಿ ಹಾರೆ ಹಾಕಿ ಅಗೆಯುವುದು ಒಳ್ಳೆಯದಲ್ಲ ಎಂದು ಅಜ್ಜಿ ಪಟ್ಟು ಹಿಡಿದಳು. ಅದರ ಮೇಲೆಯೇ ಇನ್ನೊಂದು ಫರಸಿ ಹಾಸಿದರೆ ಮೈಲಿಗೆ ಕೆಳಗೆ ಉಳಿಯುತ್ತದೆ, ದೇವರು ಮೇಲೆ ಇರುತ್ತಾನೆ ಎಂಬುದು ಆಕೆಯ ತೀರ್ಮಾನ. ಅಪ್ಪ ಊರ ಗೌಂಡಿಯೊಬ್ಬನನ್ನು ಕರೆಸಿ ತೋರಿಸಿದ. ಅವನು ನೆಲದ ಮೇಲೆ ಕೈಯಾಡಿಸಿ, "ಇಷ್ಟು ನುಣ್ಣಗ ಇದ್ರ ಮ್ಯಾಲಿನ ಮಾಲು ಹಿಡಿಯಂಗಿಲ್ರಿ. ಮೊದಲ ಉಳಿಲೆ ಇಡೀ ನೆಲಾ ಕಡದು ಒರಟ ಮಾಡಿಕೊಡ್ರಿ, ಆಮ್ಯಾಲ ನಾ ಹಾಕ್ತೀನಿ" ಎಂದ. ಒಂದೊಂದು ಗೇಣಿಗೂ ಹತ್ತಾರು ಕಚ್ಚುಗಳು, ಮೂರು ಕೋಣೆಗೆ.

ಅಪ್ಪ ಆಕೆಗೆ ಹೇಳಿದ: "ಹಾಕಿದಾಕಿ ನೀನ. ನೀನ ಕಡಿ. ಬಾಯಿ ಮುಚಗೊಂಡು ಕಡಿದ್ರ ಊರಾಗ ಒಬ್ಬರಿಗೂ ಹೇಳಂಗಿಲ್ಲ. ಇಲ್ಲಂದ್ರ ಇವತ್ತ ಸಂಜೀಕ ಗಿರಣಿಗೆ ಹೋಗಿ ಸಾವಕಾರಗ ಹೇಳ್ತೀನಿ."

ಗೌಂಡಿ ಅಪ್ಪನ ಕಾಲು ಮುಟ್ಟಲು ಬಗ್ಗಿದ. ಆಕೆ ಅವನ ಅಂಗಿ ಹಿಡಿದು ಎಬ್ಬಿಸಿದಳು. "ಕಡೀತೀನ್ರಿ" ಎಂದಳು.

ಎರಡು ದಿನ ಪಡಸಾಲೆ, ನಡುಮನೆಯಲ್ಲಿ ಉಳಿಯ ಸದ್ದು. ನಾನು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತರೂ ಅದು ಕೇಳುತ್ತಿತ್ತು. ಆಕೆ ತಾನು ಹಾಕಿದ ಸಾಲನ್ನೇ ಹಿಡಿದು, ಒಂದು ಮೂಲೆಯಿಂದ ಶುರು ಮಾಡಿ, ಮೇಲಿನ ಹೊಳಪನ್ನು ಚೂರು ಚೂರು ಎಬ್ಬಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ಕೂದಲು, ರೆಪ್ಪೆ, ತುಟಿ ಎಲ್ಲ ಬೂದು. ಎರಡನೆಯ ಮಧ್ಯಾಹ್ನ ಒಂದು ತಂಬಿಗೆ ನೀರು ಒಯ್ದುಕೊಟ್ಟೆ. ತೆಗೆದುಕೊಂಡಳು. ಕುಡಿಯಲಿಲ್ಲ. ಧೂಳು ಏಳದಿರಲಿ ಎಂದು ನೆಲದ ಮೇಲೆ ಚಿಮುಕಿಸಿ, ಬರಿದಾದ ತಂಬಿಗೆಯನ್ನು ನನ್ನ ಕಾಲಿನ ಹತ್ತಿರ ಇಟ್ಟಳು.

ಮೂರನೆಯ ದಿನ ದೇವರ ಕೋಣೆ. ದೇವರುಗಳನ್ನು ಅಡುಗೆಮನೆಯ ಗೋಡೆಯ ಗೂಡಿಗೆ ಎತ್ತಿಟ್ಟಿದ್ದರು. ಆದರೂ ಅಜ್ಜಿ ಹೊಸ್ತಿಲಿನಲ್ಲಿ ಕೈ ಅಡ್ಡ ಹಿಡಿದಳು. "ನೀ ಒಳಗ ಕಾಲಿಡಬ್ಯಾಡ. ಒಮ್ಮಿ ಇಟ್ಟಿದ್ದ ಸಾಕಾಗೇತಿ. ಅವನು ಮಾಡಲಿ."

"ಅವರಿಗೆ ಆಗಂಗಿಲ್ರಿ ಅಮ್ಮಾರ. ಉಳಿ ಹಿಡಿದ್ರ ಸುತ್ತಿಗಿ ನಿಲ್ಲಂಗಿಲ್ಲ" ಎಂದಳು ಆಕೆ. ಆ ಮೂರು ದಿನದಲ್ಲಿ ಆಕೆ ಬೇಡಿಕೊಂಡದ್ದು ಅದೊಂದೇ ಸಲ.

"ಆಗದಿದ್ರ ಹ್ಯಾಂಗ? ಊರಾಗ ದೊಡ್ಡ ಗೌಂಡಿ ಅಲ್ಲೇನವ?" ಎಂದಳು ಅಜ್ಜಿ.

ಆತ ಒಳಗೆ ಹೋಗಿ ಕೂತ. ಉಳಿಯನ್ನು ಎಡಗೈಯಲ್ಲಿ ಹಿಡಿದು ಸೊಟ್ಟಗೈಯಿಂದ ಸುತ್ತಿಗೆ ಎತ್ತಿದ. ಹೊಸ್ತಿಲ ಹೊರಗೆ ಕೂತು ಆಕೆ ಹೇಳಿಕೊಡತೊಡಗಿದಳು. "ಉಳಿ ಅಡ್ಡ ಮಾಡ್ರಿ... ಹಗರಕ... ಕೈ ತಗ್ಗಸ್ರಿ, ತಗ್ಗಸ್ರಿ... ಸುತ್ತಿಗಿ ಕಡೆ ನೋಡಬ್ಯಾಡ್ರಿ, ಉಳಿ ಕಡೆ ನೋಡ್ರಿ." ಚಿಕ್ಕ ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ಬೆಳಗಿನ ಹೊತ್ತಿನ ಕೆಲಸ ಮಧ್ಯಾಹ್ನ ದಾಟಿತು. ಗೋಡೆಯ ಹತ್ತಿರದ ಕೊನೆಯ ಸಾಲಿಗೆ ಬಂದಾಗ ಆತನ ಕೈ ಪೂರ್ತಿ ಸೋತಿತ್ತು. ಸುತ್ತಿಗೆ ಉಳಿಯ ತಲೆ ತಪ್ಪಿ ಎಡಗೈಯ ಬೆರಳುಗಳ ಮೇಲೆ ಬಿತ್ತು. ಆತ ಕೂಗಲಿಲ್ಲ. ಕೂಗಿದವಳು ಅಜ್ಜಿ.

"ದೇವರ ಕ್ವಾಣ್ಯಾಗ ರಕ್ತ ಬಿತ್ತಲ್ಲೋ! ತೊಳಿ ಮೊದಲ, ತೊಳಿ!"

ಕೊಡದ ನೀರನ್ನು ಎತ್ತಿ ಆತನ ಮುಂದೆ ಇಟ್ಟಳು. ಆತ ಆ ಬಲಗೈಯಿಂದಲೇ ನೆಲ ತೊಳೆದ. ಜಜ್ಜಿಹೋದ ಕೈಯನ್ನು ಮತ್ತೆ ರಕ್ತ ಬೀಳದಂತೆ ಎದೆಗೆ ಒತ್ತಿಕೊಂಡಿದ್ದ. ತೊಳೆದು ಹೊರಗೆ ಬಂದ ಮೇಲೆ ಆಕೆ ತನ್ನ ಸೆರಗು ಹರಿದು ಕಟ್ಟಿದಳು. ಅವ್ವ ಅರಿಸಿನದ ಡಬ್ಬಿ ಹಿಡಿದು ಬಂದಳು. ಅಜ್ಜಿ ನೋಡಿದಳು. ಅವ್ವ ಅಲ್ಲಿಯೇ ನಿಂತಳು.

ಸಂಜೆ ಅವರು ಗಂಟು ಕಟ್ಟಿಕೊಂಡು ಹೋದರು. ಅವ್ವ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ಮೊದಲ್ನೇ ವಾರದಾಗ ನಾನೂ ನೋಡಿದ್ದೆ. ಚಹಾ ಕೊಡಾಕ ಹೋಗಿದ್ದೆ. ಎಷ್ಟು ಛಂದ ಹಾಕ್ತಾಳಲ್ಲ ಅಂತ ನಿಂತು ನೋಡಿ, ಬಾಗಲಾ ಎಳಕೊಂಡು ಬಂದೆ."

ಊರ ಗೌಂಡಿ ವಾರದಲ್ಲಿ ಹೊಸ ಫರಸಿ ಹಾಕಿ ಮುಗಿಸಿದ. ನೆಲ ಎರಡು ಬೆರಳು ಮೇಲೇರಿ, ದೇವರ ಕೋಣೆಯ ಬಾಗಿಲು ತೆರೆಯದಾಯಿತು. ಬಡಿಗ ಬಂದು ಅಡಿಯನ್ನು ಕೊರೆದ. ಗೋಮೂತ್ರ ಚಿಮುಕಿಸಿ ದೇವರನ್ನು ಮತ್ತೆ ಕೂರಿಸಿದರು. ಯಲಬುರ್ಗಾಕ್ಕೆ ಹೇಳಿ ಕಳಿಸಿದರು. ಮದುವೆ ಆಯಿತು. ಕೆಟ್ಟ ಮದುವೆಯೇನೂ ಅಲ್ಲ. ನನ್ನ ಗಂಡ ಒಳ್ಳೆಯ ಮನುಷ್ಯ, ನನ್ನನ್ನು ಮಾಸ್ತರಿಕೆ ತರಬೇತಿಗೆ ಕಳಿಸಿದವರು ಅವರೇ.

ಅಪ್ಪ ಕೊಟ್ಟ ಮಾತು ಒಂದು ತಿಂಗಳೂ ನಿಲ್ಲಲಿಲ್ಲ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಗಿರಣಿಯ ಸಾವಕಾರರ ಪಕ್ಕ ಕೂತು, ಆತ ಟೈಲ್ಸು ಇಡಲು ಹೋಗಿ ಒದ್ದಾಡಿದ್ದನ್ನು ಕೈ ಸೊಟ್ಟ ಮಾಡಿ ತೋರಿಸಿ ನಗಿಸಿದ. ಪಂಕ್ತಿಯೆಲ್ಲ ನಕ್ಕಿತು. ಮಹಡಿ ಮನೆಯ ಕೆಲಸ ಬೇರೆಯವರಿಗೆ ಹೋಯಿತು. ಇತ್ತ ಯಲಬುರ್ಗಾ, ಕುಷ್ಟಗಿಯ ಕಡೆ ಸೋದರತ್ತೆ ಹೇಳಿಕೊಂಡು ಬಂದಳು. ಹೊಸ ಮನೆ ಕಟ್ಟಿಸುವವರು ಗೌಂಡಿಯ ಕೈ ಹಿಡಿದು ನೋಡಿ ಕೆಲಸ ಕೊಡುತ್ತಿದ್ದರು ಎಂದು ಆಮೇಲೆ ಕೇಳಿದೆ.

ಆರೇಳು ವರ್ಷ ಕಳೆದಿರಬೇಕು. ನಾನು ಆಗ ಕುಷ್ಟಗಿಯ ಹತ್ತಿರದ ಒಂದು ಸಾಲೆಯಲ್ಲಿ ಕೆಲಸ ಮಾಡುತ್ತಿದ್ದೆ. ಸಾಲೆಗೆ ಎರಡು ಹೊಸ ಕೋಣೆ ಕಟ್ಟುತ್ತಿದ್ದರು. ನೆಲಕ್ಕೆ ಶಹಾಬಾದಿ ಫರಸಿ. ಒಂದು ದಿನ ಬೆಳಿಗ್ಗೆ ಹಾಜರಿ ಕರೆಯುವಾಗ ಕಿಟಕಿಯ ಹೊರಗೆ ಮಾಲಿನ ಬುಟ್ಟಿ ಹೊತ್ತು ಒಬ್ಬಳು ಹೋದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಮುಂದಲೆಯ ಕೂದಲು ಅರ್ಧ ಬಿಳಿಯಾಗಿತ್ತು. ನಡಿಗೆಯಿಂದ ಗುರುತು ಹಿಡಿದೆ, ಮಂಡಿ ಮಡಿಸಲಾರದೆ ಎರಡೂ ಕಾಲು ಬಿಗಿದು ಇಡುತ್ತಿದ್ದಳು.

ಬಿಡುವಿನಲ್ಲಿ ಹತ್ತಿರ ಹೋದೆ. ಬುಟ್ಟಿ ಇಳಿಸಿ ನಿಂತಳು. ನನ್ನನ್ನು ನೋಡಿದಳು. ಗುರುತು ಸಿಕ್ಕದ್ದು ಕಣ್ಣಲ್ಲಿ ಕಂಡಿತು.

"ಆರಾಮ ಅದೀರಿ ಅಕ್ಕೋರ?" ಎಂದಳು.

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಬಾವಿಕಟ್ಟೆಯಲ್ಲಿ ತಂಗಿ ಎಂದು ಕೈ ಹಿಡಿದವಳು ಅದೀರಿ ಎಂದಳು, ಅಕ್ಕೋರ ಎಂದಳು. ಗಂಡ ಹೇಗಿದ್ದಾರೆ ಎಂದೆ.

"ಹೋಗಿ ಎರಡು ವರ್ಷ ಆತ್ರಿ. ಕೈ ಎರಡೂ ಕೆಲಸಕ್ಕ ಬರಲಿಲ್ಲ. ಮನ್ಯಾಗ ಕುಂತು ಕುಂತು ಕುಡಿಯಾಕ ಹತ್ತಿದ್ರು." ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಹುಡುಗಿಯನ್ನು ಸಾಲೆಗೆ ಹಾಕಿದಿರಾ ಎಂದು ಕೇಳಿದೆ. ಲಗ್ನ ಮಾಡಿ ಕೊಟ್ಟೆವು ಎಂದಳು. ಆ ಹುಡುಗಿಗೆ ಆಗ ಎಷ್ಟು ವಯಸ್ಸಿದ್ದೀತು ಎಂದು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ.

ಒಳಗಿನಿಂದ, "ಏ ಮುದುಕಿ, ಮಾಲು ಎಲ್ಲೈತಿ? ಮಾತ ಹೊಡಕೋತ ನಿಂತಿಯೇನ?" ಎಂಬ ಕೂಗು ಬಂತು. ಇಪ್ಪತ್ತೈದರ ಗೌಂಡಿ. ಅವನು ಮಾಲನ್ನು ನಾಲ್ಕು ಮೂಲೆಗೆ ಉಂಡೆಯಂತೆ ಇಟ್ಟು ಮೇಲೆ ಕಲ್ಲು ಹಾಕುತ್ತಿದ್ದ. ನಡುವೆಲ್ಲ ಟೊಳ್ಳು. ನನಗೇ ತಿಳಿಯುತ್ತಿತ್ತು, ಆಕೆಗೆ ತಿಳಿಯದೇ ಇದ್ದೀತೆ? ಬುಟ್ಟಿ ಒಯ್ದು ಸುರಿದು ಬರುವಾಗ ಒಂದು ಕಲ್ಲಿನ ಮೇಲೆ ಕಾಲಿಟ್ಟು, ತಡೆದು ನಿಂತು, ಮುಂದೆ ಬಂದಳು.

ನನಗೆ ಉಮೇದು ಬಂತು. ಹೆಡ್‌ಮಾಸ್ತರರು ಅಲ್ಲೇ ಬೇವಿನ ಗಿಡದ ಕೆಳಗೆ ಕೂತಿದ್ದರು. ಈಗಲೇ ಹೋಗಿ ಹೇಳಿಬಿಡಬೇಕು, ಈ ಹುಡುಗನಿಗಿಂತ ಆಕೆಗೆ ಹತ್ತು ಪಟ್ಟು ಕೆಲಸ ಬರುತ್ತದೆ, ಆಕೆಯ ಕೈಗೆ ಥಾಪಿ ಕೊಟ್ಟು ನೋಡಿ ಎಂದು. ಒಂದು ಹೆಜ್ಜೆ ಇಟ್ಟೆನೋ ಇಲ್ಲವೋ, ನನ್ನ ಮುಖದಲ್ಲೇ ಆಕೆ ಅದನ್ನು ಓದಿಕೊಂಡಳು. ಬುಟ್ಟಿ ಕೆಳಗಿಟ್ಟು ಎರಡೂ ಕೈ ಜೋಡಿಸಿದಳು.

"ಮತ್ತ ಹೇಳಬ್ಯಾಡ್ರಿ ಅಕ್ಕೋರ. ಈ ಬುಟ್ಟಿಯಾದ್ರೂ ಉಳೀಲಿ."

ನಾನು ಹೇಳಲಿಲ್ಲ. ಆಕೆ ಬುಟ್ಟಿ ತುಂಬಲು ಹೋದಳು. ಮರುದಿನ ಏನಾದರೂ ಕೊಡಬೇಕೆಂದು ಸೀರೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಆ ದಿನ ಆಕೆ ಕೆಲಸಕ್ಕೆ ಬಂದಿರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಬೇರೆ ಯಾವುದೋ ಊರಿಗೆ ಹೋದಳಂತೆ. ಅಷ್ಟೇ ಗೊತ್ತಾಯಿತು.

ಆಮೇಲೆ ಎಷ್ಟೋ ವರ್ಷಕ್ಕೆ, ಇರಕಲ್ಲಗಡದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಆಕೆ ತೀರಿಕೊಂಡು ಬಹಳ ದಿನವಾಯಿತು ಎಂದರು. ಕೊನೆಗೆ ಉಸಿರು ಕಟ್ಟುತ್ತಿತ್ತಂತೆ, ಸಿಮೆಂಟಿನ ಧೂಳು ಎದೆಯಲ್ಲಿ ಕೂತಿತ್ತಂತೆ. ಆಕೆ ಫರಸಿ ಹಾಕುತ್ತಿದ್ದಳು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಕೂಲಿಗೆ ಹೋಗುತ್ತಿದ್ದಳು ಎಂದರು.

ಈ ಕತೆಯನ್ನು ನಮ್ಮ ಮನೆಯಲ್ಲಿ ನಾನು ಹೇಳದೇ ಇದ್ದವಳಲ್ಲ. ಮಕ್ಕಳಿಗೆ ಹೇಳಿದ್ದೇನೆ, ಸಾಲೆಯಲ್ಲಿ ಹೇಳಿದ್ದೇನೆ, ಹಿಂದಿನ ಕಾಲದವರು ಎಷ್ಟು ಕ್ರೂರಿಗಳಿದ್ದರು ನೋಡಿ ಎಂದು ಅಜ್ಜಿಯ ಮಾತನ್ನು, ಅಪ್ಪನ ನಗುವನ್ನು ಅನುಕರಿಸಿ ತೋರಿಸಿದ್ದೇನೆ. ಯಾರೋ ನೋಡಿ ಹೇಳಿದರು ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ. ಆ ಯಾರೋ ನಾನೇ ಎಂದು ಕಳೆದ ತಿಂಗಳು, ಬದನೆಕಾಯಿಯ ಮುಂದೆ ಕೂತು, ಸೊಸೆಗೆ ಮೊದಲ ಸಲ ಹೇಳಿದೆ. ಅವಳು ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತಳು.

"ಯಾಕ ಹೇಳಿದ್ರಿ ಅತ್ತಿ?"

ಸಣ್ಣ ವಯಸ್ಸು, ತಿಳಿವಳಿಕೆ ಇರಲಿಲ್ಲ ಎಂಬ ಉತ್ತರ ನಾಲಿಗೆಯ ಮೇಲೆಯೇ ಇತ್ತು. ಅಷ್ಟು ವರ್ಷ ನನಗೆ ನಾನೇ ಕೊಟ್ಟುಕೊಂಡಿದ್ದ ಉತ್ತರ ಅದು. ಅದನ್ನು ಹೇಳಲಿಲ್ಲ.

"ಹೇಳುವಾಗ ಭಾಳ ಛಲೋ ಅನ್ನಿಸಿತ್ತವ್ವ" ಎಂದೆ.

ಸೊಸೆ ನನ್ನ ಮುಂದಿದ್ದ ಈಳಿಗೆಯನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಬದನೆಕಾಯಿ ಹೆಚ್ಚತೊಡಗಿದಳು.